ಮೇಯೊದ ಗಾಳಿ, ರೆಡ್‌ವುಡ್ ಸಿಟಿಯ ಕಿವಿ

ಕಿವಿ ಪರೀಕ್ಷೆ ಮಾಡಿ ಹಿಯರಿಂಗ್ ಏಡ್ ಕೂರಿಸುವ ಕೆಲಸದಿಂದ ನಾನು ನಿವೃತ್ತಳಾದ ಮೇಲೆ, ಅದೇ ಓದು ಓದುತ್ತಿರುವ ಹುಡುಗಿಯರು ಆಗಾಗ ಫಾಸ್ಟರ್ ಸಿಟಿಯ ನಮ್ಮ ಮನೆಗೆ ಬರುತ್ತಾರೆ. "ಆಂಟಿ, ಕ್ಲಿನಿಕ್ಕಲ್ಲಿ ಕೆಲಸ ನಿಜವಾಗ್ಲೂ ಹೇಗಿರುತ್ತೆ?" ಎಂದು ಕೇಳುತ್ತಾರೆ. ಯಂತ್ರಗಳ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ನಾನು ಮನುಷ್ಯರ ವಿಷಯ ಹೇಳುತ್ತೇನೆ. ಯಾರಿಂದ ಶುರು ಮಾಡಿದರೂ ಕೊನೆಗೆ ಟಾಮ್ ಲವೆಲ್ ಎಂಬ ಐರಿಷ್ ಮುದುಕರ ಹತ್ತಿರ ಬಂದು ನಿಲ್ಲುತ್ತೇನೆ. ಈ ಸಲ ಅದನ್ನು ಬರೆದೇ ಬಿಡೋಣವೆಂದು ಕೂತಿದ್ದೇನೆ.

ನನ್ನ ಹೆಸರು ವನಜಾಕ್ಷಿ. ಅರಸೀಕೆರೆಯ ಕಡೆಯವಳು. ಮೈಸೂರಿನಲ್ಲಿ ಓದಿ, ಹಾಸನದಲ್ಲಿ ಕೆಲವು ಕಾಲ ಕೆಲಸ ಮಾಡಿ, ಮದುವೆಯಾಗಿ ಇಲ್ಲಿ ಅಮೆರಿಕಕ್ಕೆ ಬಂದು, ಮತ್ತೆ ಪರೀಕ್ಷೆಗಳನ್ನು ಬರೆದು ರೆಡ್‌ವುಡ್ ಸಿಟಿಯ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದೆ. ಅಲ್ಲಿಯೇ ನಿವೃತ್ತಳಾದೆ. ಕ್ಲಿನಿಕ್ಕಿನ ಒಡತಿ ಬಾರ್ಬರಾ. ಎತ್ತರದ ಹೆಂಗಸು, ದೊಡ್ಡ ದನಿ. ಕಿವಿ ಕೇಳದವರ ಜೊತೆ ಬದುಕೆಲ್ಲ ಕಳೆದದ್ದರಿಂದ ಕೇಳುವವರ ಜೊತೆಯೂ ಕೂಗಿಯೇ ಮಾತಾಡುತ್ತಿದ್ದಳು. ನನ್ನ ಪೂರ್ತಿ ಹೆಸರನ್ನು ಬಾಯಿಪಾಠ ಮಾಡಲು ಒಂದು ವಾರ ಹೆಣಗಾಡಿ ಕೊನೆಗೆ 'ವನಾ' ಎಂದು ಕತ್ತರಿಸಿದಳು.

ನಾನು ಕೆಲಸಕ್ಕೆ ಸೇರಿದಾಗ ಹಿಯರಿಂಗ್ ಏಡ್‌ನ ಹೊಟ್ಟೆಯಲ್ಲಿ ಸಾಸಿವೆಯಷ್ಟು ಸಣ್ಣ ಸ್ಕ್ರೂಗಳಿರುತ್ತಿದ್ದವು. ಗಡಿಯಾರ ರಿಪೇರಿಯವರ ಥರ ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಅವನ್ನು ತಿರುಗಿಸಿ ಸದ್ದು ಹೆಚ್ಚು ಕಡಿಮೆ ಮಾಡುತ್ತಿದ್ದೆವು. ಆಮೇಲೆ ಅದನ್ನು ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸುವ ಕಾಲ ಬಂತು. ಆಮೇಲೆ ವೈರೂ ಹೋಯಿತು. ಈಗ ರೋಗಿ ಮನೆಯಲ್ಲಿ ಕೂತು ಫೋನಿನ ಮೇಲೆ ಬೆರಳಾಡಿಸಿದರೆ ಕಿವಿ ಸರಿಯಾಗುತ್ತದೆ. ಕಿವಿಯ ಅಚ್ಚು ತೆಗೆಯಲು ಗುಲಾಬಿ ಬಣ್ಣದ ಹಿಟ್ಟು ಕಲಸಿ ಕಿವಿಯೊಳಗೆ ತುಂಬುತ್ತಿದ್ದ ಕೆಲಸವೂ ಕಡಿಮೆಯಾಯಿತು. ಒಮ್ಮೆ ನಾನು ಒಬ್ಬ ಹೆಂಗಸಿನ ಎಡಗಿವಿಯ ಅಚ್ಚಿಗೆ ಬಲಗಿವಿ ಎಂದು ಚೀಟಿ ಅಂಟಿಸಿ ಫ್ಯಾಕ್ಟರಿಗೆ ಕಳಿಸಿದ್ದೆ. ಬಂದ ಮಷೀನನ್ನು ಕೂರಿಸಲು ನಾನೂ ಆ ಹೆಂಗಸೂ ಸೇರಿ ಹೋರಾಡಿದ್ದೇ ಹೋರಾಡಿದ್ದು. "ನನ್ನ ಕಿವಿ ದಪ್ಪ ಆಗಿದೆ ಅನ್ಸುತ್ತೆ" ಎಂದು ಆಕೆ ಪಾಪ ತನ್ನದೇ ತಪ್ಪೆಂಬಂತೆ ಹೇಳಿದರು.

ಕೆಲವು ಸಲ ಕಿವಿಯಲ್ಲಿ ಏನೂ ದೋಷವಿರುತ್ತಿರಲಿಲ್ಲ. ಸರಟೋಗಾದಿಂದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರು ಮಂಡ್ಯದಿಂದ ಬಂದಿದ್ದ ತನ್ನ ತಾಯಿಯನ್ನು ಕರೆತಂದ. "ಅಮ್ಮಂಗೆ ಕಿವಿ ಕೇಳಿಸ್ತಿಲ್ಲ ಮೇಡಂ. ನನ್ನ ಮಗ ಮಾತಾಡಿಸಿದ್ರೆ ರೆಸ್ಪಾಂಡೇ ಮಾಡಲ್ಲ" ಎಂದ. ಅಜ್ಜಿಯನ್ನು ಸದ್ದು ಹೊಗದ ಬೂತಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದೆ. ಗುಬ್ಬಿ ರೆಕ್ಕೆ ಬಡಿದರೂ ಕೇಳುವಂತಹ ಕಿವಿ!

"ಅಜ್ಜಿ, ಮೊಮ್ಮಗ ಮಾತಾಡೋದು ಕೇಳ್ಸುತ್ತಾ?" ಎಂದೆ.

"ಕೇಳ್ದೆ ಏನವ್ವಾ? ಚೆಂದಾಗಿ ಕೇಳ್ತದೆ. ಅವ್ನು ಇಂಗ್ಲೀಸಲ್ಲಿ ಪಟಪಟ ಅಂತಾನೆ. ನಾನ್ಯಾವ ಬಾಯಲ್ಲಿ ಉತ್ರ ಕೊಡ್ಲಿ?"

ಮಗ ಕೆಂಪಗಾದ. ಆ ಅಜ್ಜಿಗೆ ನಾನು ಬರೆದುಕೊಟ್ಟ ಮದ್ದು ಒಂದೇ: ಮೊಮ್ಮಗ ದಿನಾ ಅವರ ಪಕ್ಕ ಕೂತು ಊಟ ಮಾಡಬೇಕು, ಸಾರು ಬೇಕಿದ್ದರೆ ಕನ್ನಡದಲ್ಲಿ ಕೇಳಬೇಕು.

ಇಂತಹ ದಿನಗಳ ನಡುವೆ ಟಾಮ್ ಲವೆಲ್ ಬಂದರು. ಎಂಬತ್ತು ದಾಟಿದ ಗಟ್ಟಿ ಆಳು. ತಲೆಗೆ ಉಣ್ಣೆಯ ಟೋಪಿ, ಅಂಗೈ ಸೌದೆಯಷ್ಟು ಒರಟು. ಸ್ಯಾನ್‌ಫ್ರಾನ್ಸಿಸ್ಕೊದ ಮನೆಗಳ ಗೋಡೆಗೆ ಗಾರೆ ಮಾಡುತ್ತ ಬಾಳು ಸವೆಸಿದವರು. ಈಗ ಫಾಸ್ಟರ್ ಸಿಟಿಯಲ್ಲಿ ಮಗಳು ಐಲೀನ್ ಜೊತೆ ಇದ್ದರು. ಟಿವಿಯ ಸದ್ದಿಗೆ ಪಕ್ಕದ ಅಪಾರ್ಟ್‌ಮೆಂಟಿನವರು ಗೋಡೆ ಬಡಿಯಲು ಶುರು ಮಾಡಿದ್ದರಿಂದ ಐಲೀನ್ ಅವರನ್ನು ಎಳೆದು ತಂದಿದ್ದಳು. ನಮ್ಮ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಅದರ ಧಾಟಿ, ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಲ್ಲಿಯವರು ನೀವು?" ಎಂದು ಕೇಳಿದೆ.

"ಮೇಯೊ."

ಇಲ್ಲಿ ಸ್ಯಾಂಡ್‌ವಿಚ್ಚಿಗೆ ಸವರುವ ಬಿಳಿ ಸಾಸಿಗೂ ಎಲ್ಲರೂ ಮೇಯೊ ಎನ್ನುತ್ತಾರೆ. ಪ್ರಶ್ನೆ ತಪ್ಪಾಗಿ ಕೇಳಿಸಿರಬೇಕೆಂದುಕೊಂಡು ಇನ್ನೂ ಜೋರಾಗಿ, "ಊಟದ ವಿಷಯ ಅಲ್ಲ, ನಿಮ್ಮ ಊರು!" ಎಂದೆ.

"ಮೇಯೊ! ಮೇಯೊ!" ಎಂದು ಅವರೂ ಕೂಗಿದರು. ಐಲೀನ್ ನಕ್ಕು, ಮೇಯೊ ಎಂಬುದು ಐರ್ಲೆಂಡಿನ ಪಡುವಣ ಕರಾವಳಿಯ ಒಂದು ಕೌಂಟಿ, ನಿಮ್ಮ ಜಿಲ್ಲೆ ಇದ್ದ ಹಾಗೆ ಎಂದು ಬಿಡಿಸಿ ಹೇಳಿದಳು.

ಪರೀಕ್ಷೆಯಲ್ಲಿ ಒಂದು ಭಾಗವಿದೆ. ರೆಕಾರ್ಡಿನಲ್ಲಿ ಒಂದೊಂದೇ ಪದ ಬರುತ್ತದೆ, ರೋಗಿ ಅದನ್ನು ತಿರುಗಿ ಹೇಳಬೇಕು. ಟಾಮ್ ಹೆಬ್ಬೆರಳಿಗೆ 'ತಮ್' ಎಂದರು. ಮೂರಕ್ಕೆ 'ತ್ರೀ' ಎಂದರು. ಸಿನಿಮಾಕ್ಕೆ 'ಫಿಲಮ್' ಎಂದರು. ರೆಕಾರ್ಡಿನ ಅಮೆರಿಕದ ದನಿ ಹೇಳಿದ್ದು 'ಥಮ್', 'ಥ್ರೀ', 'ಫಿಲ್ಮ್' ಎಂದು. ನಾನು ಗಂಭೀರವಾಗಿ ಒಂದೊಂದಕ್ಕೂ ತಪ್ಪು ಗುರುತು ಹಾಕುತ್ತ ಹೋದೆ. ಹಿಂದೆ ನಿಂತು ನೋಡುತ್ತಿದ್ದ ಬಾರ್ಬರಾ ನನ್ನ ಭುಜ ತಟ್ಟಿದಳು.

"ವನಾ, ಹೆಬ್ಬೆರಳಿಗೆ ನೀನು ಏನಂತೀಯ?"

"ತಮ್."

"ಸಿನಿಮಾಕ್ಕೆ?"

"ಫಿಲಮ್." ಹೇಳಿದ ಮೇಲೆ ನನಗೇ ಕೇಳಿಸಿತು. ಬಾರ್ಬರಾ ಕ್ಲಿನಿಕ್ಕೆಲ್ಲ ಮೊಳಗುವಂತೆ ನಕ್ಕಳು. ಗಾಜಿನ ಆಚೆ ಬೂತಿನಲ್ಲಿ ಕೂತಿದ್ದ ಟಾಮ್, ಏಕೆಂದು ತಿಳಿಯದಿದ್ದರೂ, ತಾವೂ ನಕ್ಕರು. ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಎದುರಿನವರ ಕಿವಿ ಅಳೆಯುವ ಮುಂಚೆ ಅವರ ನಾಲಿಗೆ ಯಾವ ಊರಿನದೆಂದು ಕೇಳಿಕೊಳ್ಳಿ.

ಎರಡು ಕಿವಿಗೂ ಒಳ್ಳೆಯ ಮಷೀನು ಕೂರಿಸಿ ಕಳಿಸಿದೆ. ವಾರ ಕಳೆಯುವಷ್ಟರಲ್ಲಿ ಹಿಂದಿರುಗಿ ಬಂದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಬೇಡ. ಪ್ರಪಂಚ ಎಲ್ಲ ತಗಡಿನ ಡಬ್ಬಿಯೊಳಗೆ ಹೋಗಿ ಕೂತಿದೆ" ಎಂದರು. ಸ್ವಲ್ಪ ಸರಿಮಾಡಿದೆ. ಮತ್ತೆ ಬಂದರು. "ತಗಡು ಹೋಯ್ತು. ಈಗ ಏನೋ ಇಲ್ಲ." ಏನು ಇಲ್ಲವೆಂದರೆ ಹೇಳಲು ಬರಲಿಲ್ಲ. ಬಾರ್ಬರಾ ನನ್ನನ್ನು ಪಕ್ಕಕ್ಕೆ ಕರೆದು, "ಯಂತ್ರವನ್ನು ಬಿಟ್ಟು ಮನುಷ್ಯನನ್ನು ಕೇಳು. ಅವರಿಗೆ ಯಾವ ಸದ್ದು ಬೇಕೋ ತಿಳ್ಕೊ" ಎಂದಳು. ಅವಳಿಗೆ ಸಿಟ್ಟು ಬೇಗ ಬರುತ್ತಿತ್ತು, ಆದರೆ ಇಂತಹ ಮಾತನ್ನು ಅವಳಷ್ಟು ಸರಳವಾಗಿ ಹೇಳುವವರನ್ನು ನಾನು ಆಮೇಲೆ ನೋಡಲಿಲ್ಲ.

ಹಾಗಾಗಿ ಮುಂದಿನ ಸಲ ಕಂಪ್ಯೂಟರ್ ತೆರೆಯದೆ, "ಚಿಕ್ಕಂದಿನಲ್ಲಿ ನಿಮ್ಮ ಮನೆ ಹತ್ತಿರ ಏನೇನು ಕೇಳಿಸ್ತಿತ್ತು?" ಎಂದು ಕೇಳಿದೆ.

ಟಾಮ್ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಕಡಲಿಗೆ ಬೆನ್ನು ಮಾಡಿ ನಿಂತ ಸುಣ್ಣದ ಗೋಡೆಯ ತಗ್ಗು ಮನೆ. ಮನೆಯ ಸುತ್ತ ಗಾರೆ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಆ ಗೋಡೆಗಳ ನಡುವೆ ಕರ್ಚೀಫಿನಷ್ಟು ಹೊಲಗಳು. ಮರವೆಂಬುದು ಇಲ್ಲ. ಆದರೆ ದಾರಿಯ ಪಕ್ಕದ ಬೇಲಿಯ ತುಂಬ ಜುಮಕಿಯಂತೆ ತೂಗುವ ಕೆಂಪು ಹೂ. ಅದನ್ನು ಕಿತ್ತು ಹಿಂಬದಿಯಿಂದ ಹೀರಿದರೆ ಒಂದು ಹನಿ ಜೇನು. ಬೇಲಿಯ ಮೇಲೆಯೇ ಬಟ್ಟೆ ಒಣಹಾಕುತ್ತಿದ್ದರಂತೆ. ಎದುರಿನ ಬೆಟ್ಟ ತಲೆಗೆ ಮೋಡ ಸುತ್ತಿಕೊಂಡರೆ ಅಮ್ಮ ಹೊರಗೆ ನೋಡದೆಯೇ "ಬಟ್ಟೆ!" ಎಂದು ಕೂಗುತ್ತಿದ್ದರು, ಮಕ್ಕಳು ಓಡುತ್ತಿದ್ದರು.

"ಒಲೆಗೆ ಟರ್ಫ್ ಹಾಕ್ತಿದ್ವಿ. ಜೌಗು ನೆಲವನ್ನ ಇಟ್ಟಿಗೆ ಥರ ಕಡಿದು ಒಣಗಿಸೋದು. ಆ ಹೊಗೆ ವಾಸನೆ ನಿನಗೆ ಹೇಗೆ ಹೇಳಲಿ?"

"ನಮ್ಮಲ್ಲಿ ಸಗಣಿ ತಟ್ಟಿ ಒಣಗಿಸಿ ಬೆರಣಿ ಮಾಡ್ತಾರೆ. ಅದೂ ಒಲೆಗೇ" ಎಂದೆ.

"ಸಗಣೀನಾ? ಕೈಯಲ್ಲೇ?" ಅವರ ಕಣ್ಣು ಅರಳಿತು. "ಐಲೀನ್, ಕೇಳಿಸ್ಕೊಂಡೆಯಾ? ನಾವು ಬಡವರು ಅಂದ್ಕೊಂಡಿದ್ವಿ. ನಮಗೆ ಅಷ್ಟು ತಲೆ ಓಡಲಿಲ್ಲ ನೋಡು!"

ನಾನು ಬಯಲುಸೀಮೆಯ ಅಂಚಿನಲ್ಲಿ ಬೆಳೆದವಳು. ಕಡಲು ನೋಡಿದ್ದೇ ಕಾಲೇಜಿನ ಟೂರಿನಲ್ಲಿ, ಅದೂ ಚಪ್ಪಲಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು. ಕಡಲನ್ನು ಹೊಲದಂತೆ ಬಳಸುವ ಜನರ ಬಗ್ಗೆ ಕೇಳಿದ್ದು ಟಾಮ್ ಬಾಯಿಂದಲೇ. ನೀರು ಇಳಿದಾಗ ಬಂಡೆಗಳ ಮೇಲಿನ ಕಡಲಪಾಚಿ ಕೊಯ್ದು, ಕತ್ತೆಯ ಎರಡೂ ಪಕ್ಕದ ಬುಟ್ಟಿಗೆ ತುಂಬಿ, ಆಲೂಗಡ್ಡೆ ಪಾತಿಗೆ ಗೊಬ್ಬರವಾಗಿ ಹಾಕುತ್ತಿದ್ದರು. ಬಂಡೆ ಸಂದಿಯ ಪುಟ್ಟ ಬಸವನಹುಳುಗಳನ್ನು ಆರಿಸಿ ಬೇಯಿಸಿ, ಗುಂಡುಸೂಜಿಯಿಂದ ಒಳಗಿನದನ್ನು ಎಳೆದು ತಿನ್ನುತ್ತಿದ್ದರು. ಬೇಸಿಗೆಯ ಸಂಜೆ ಹುಲ್ಲಿನಲ್ಲಿ ಅಡಗಿ ಕೂತ ಒಂದು ಹಕ್ಕಿ, ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ, ಯಾರಿಗೂ ಕಾಣಿಸಿಕೊಳ್ಳದೆ ಕೂಗುತ್ತಿತ್ತಂತೆ. ಟಾಮ್ ನನ್ನ ಮೇಜಿನ ಮೇಲಿದ್ದ ಬಾಚಣಿಗೆ ತೆಗೆದುಕೊಂಡು ಆ ಹಕ್ಕಿಯನ್ನು ಕೂಗಿಸಿ ತೋರಿಸಿದರು. ಹೊರಗೆ ಕಾಯುತ್ತಿದ್ದವರು ಬಾಗಿಲಿನಿಂದ ಇಣುಕಿದರು.

"ಇದೆಲ್ಲದರ ಹಿಂದೆ ಗಾಳಿ" ಎಂದರು ಕೊನೆಗೆ. "ಕಲ್ಲುಗೋಡೆ ಸಂದಿಯಿಂದ ಬರೋ ಗಾಳಿ. ಅದು ನಿಂತರೆ ನಾವು ತಲೆ ಎತ್ತಿ ನೋಡ್ತಿದ್ವಿ, ಏನಾಯ್ತು ಅಂತ. ಈಗ ದಿನಾ ಇಲ್ಲಿ ಕೊಲ್ಲಿಯ ದಂಡೆ ಮೇಲೆ ವಾಕಿಂಗ್ ಹೋಗ್ತೀನಿ. ಟೋಪಿ ಹಾರುತ್ತೆ. ಆದರೆ ಗಾಳಿ ಇಲ್ಲ."

ನನಗೆ ಪಕ್ಕನೆ ಹೊಳೆಯಿತು. ಫಾಸ್ಟರ್ ಸಿಟಿಯ ಗಾಳಿ ಅಂದರೆ ಗೊತ್ತಲ್ಲ, ಮಧ್ಯಾಹ್ನವಾದರೆ ಗೇಟು ಹಿಡಿದುಕೊಂಡು ನಿಲ್ಲಬೇಕು. ಅಂತಹ ಕಡೆ ನಡೆಯುವವರಿಗೆ ತೊಂದರೆಯಾಗದಿರಲೆಂದು, ಗಾಳಿಯ ಸದ್ದನ್ನು ಅಡಗಿಸುವ ಸೆಟ್ಟಿಂಗನ್ನು ನಾನೇ ಪೂರ್ತಿ ಏರಿಸಿಟ್ಟಿದ್ದೆ. ಒಳ್ಳೆಯದೆಂದು ಮಾಡಿದ್ದು! ಅದನ್ನು ತೆಗೆದುಹಾಕಿ, ಅವರನ್ನು ಕರೆದುಕೊಂಡು ಕ್ಲಿನಿಕ್ಕಿನ ಹಿಂದಿನ ಪಾರ್ಕಿಂಗ್ ಲಾಟಿಗೆ ಹೋದೆ. ಕಟ್ಟಡದ ಮೂಲೆಯಲ್ಲಿ ಗಾಳಿ ತಿರುಗಿ ಬೀಸುತ್ತಿತ್ತು. ಟಾಮ್ ಮೂಲೆಗೆ ಹೋಗಿ ಕಣ್ಣು ಮುಚ್ಚಿ ನಿಂತರು. ಬಹಳ ಹೊತ್ತು ನಿಂತರು.

"ಹಾಂ" ಎಂದರು. "ಇದು."

ಅಂದಿನಿಂದ ಮಷೀನು ಹಿಂದಿರುಗಲಿಲ್ಲ. ಆದರೆ ಟಾಮ್ ಬರುವುದನ್ನು ನಿಲ್ಲಿಸಲಿಲ್ಲ. ಏನಾದರೊಂದು ನೆಪ. ಬಂದರೆ ಮೇಯೊದ ಒಂದು ಕತೆ. ಕೇಳುತ್ತ ಕೇಳುತ್ತ ಒಂದು ವಿಷಯ ಗಮನಕ್ಕೆ ಬಂತು. ಪ್ರತಿ ಕತೆಯಲ್ಲೂ ಬ್ರೈಡಿ ಇರುತ್ತಿದ್ದಳು. ಕತ್ತೆಯ ಹಗ್ಗ ಹಿಡಿದವಳು ಬ್ರೈಡಿ, ಜೇನುಹೂವನ್ನು ಮೊದಲು ಕಿತ್ತವಳು ಬ್ರೈಡಿ, ಮನೆಯ ಮೂಲೆಯಲ್ಲಿ ನಿಂತು ಕಡಲಿನವರೆಗೂ ಕೇಳುವಂತೆ "ಟಾ-ಮ್!" ಎಂದು ಊಟಕ್ಕೆ ಕೂಗುತ್ತಿದ್ದವಳು ಬ್ರೈಡಿ.

"ಬ್ರೈಡಿ ಯಾರು?" ಎಂದೆ.

"ಅಕ್ಕ."

"ಈಗ ಎಲ್ಲಿದಾರೆ?"

"ಅಲ್ಲೇ. ಅದೇ ಮನೆ."

"ಮಾತಾಡ್ತಿರ್ತೀರಾ?"

ಟಾಮ್ ಟೋಪಿಯ ಅಂಚನ್ನು ತಿರುಗಿಸತೊಡಗಿದರು. "ಟೈಮ್ ಡಿಫರೆನ್ಸ್ ಇದೆಯಲ್ಲ."

ಐಲೀನ್ ನನ್ನತ್ತ ನೋಡಿ ತಲೆಯಾಡಿಸಿದಳು. ಎರಡು ವರ್ಷದಿಂದ ಅಕ್ಕ ತಮ್ಮನ ನಡುವೆ ಮಾತಿಲ್ಲ, ಏನೋ ಜಗಳವಿರಬೇಕು, ಕೇಳಿದರೆ ಹೇಳುವುದಿಲ್ಲ ಎಂದು ಅವಳು ಹಿಂದೆಯೇ ನನ್ನ ಹತ್ತಿರ ಅಂದಿದ್ದಳು. ಆ ದಿನ ಅವಳು ಕಾರಿನಿಂದ ಏನೋ ತರಲು ಹೊರಗೆ ಹೋದಾಗ ಟಾಮ್ ತಾವಾಗಿಯೇ ಬಾಯಿ ಬಿಟ್ಟರು.

"ಜಗಳ ಅಲ್ಲ. ಪ್ರತಿ ಭಾನುವಾರ ಫೋನ್ ಮಾಡ್ತಿದ್ದೆ, ಆದರೆ ಅವಳ ಮಾತು ನನಗೆ ತಿಳೀತಿರಲಿಲ್ಲ. ಗೊತ್ತಾದ ಹಾಗೆ 'ಭೇಷ್, ಭೇಷ್' ಅಂತಿದ್ದೆ. ಆ ಕಡೆ ಅವಳಿಗೆ ಸಮಾಧಾನ, ಈ ಕಡೆ ನನಗೆ. ಒಂದು ಭಾನುವಾರ ಅವಳು ಏನೋ ಅಂದಳು. 'ಭೇಷ್, ಬಹಳ ಒಳ್ಳೇದಾಯ್ತು' ಅಂದೆ. ಅವಳು ಫೋನ್ ಇಟ್ಟಳು. ಆಮೇಲೆ ಐಲೀನಿಗೆ ಯಾರಿಂದಲೋ ಸುದ್ದಿ ಬಂತು. ನಮ್ಮ ಜೊತೆ ಸ್ಕೂಲಿಗೆ ಬರ್ತಿದ್ದ ಮೈಕಲ್ ತೀರಿಕೊಂಡಿದ್ದ. ಅವಳು ಅದನ್ನೇ ಹೇಳಿದ್ದು." ಅವರು ನನ್ನ ಮುಖ ನೋಡಲಿಲ್ಲ. "ಮೈಕಲ್ ಒಂದು ಕಾಲದಲ್ಲಿ ಅವಳನ್ನ ಮದುವೆ ಆಗಬೇಕು ಅಂತಿದ್ದ ಹುಡುಗ. ಯಾವ ಮುಖ ಇಟ್ಕೊಂಡು ಮತ್ತೆ ಫೋನ್ ಮಾಡಲಿ?"

ನನ್ನ ಕೆಲಸದಲ್ಲಿ ಇದನ್ನು ಬಹಳ ನೋಡಿದ್ದೇನೆ. ಕಿವಿ ಕೇಳದವರು 'ಇನ್ನೊಂದ್ಸಲ ಹೇಳಿ' ಎನ್ನಲು ನಾಚಿ ತಲೆಯಾಡಿಸುತ್ತಾರೆ. ಹಾಗೆ ಆಡಿಸುತ್ತ ಆಡಿಸುತ್ತ ಒಬ್ಬೊಬ್ಬರನ್ನೇ ಕಳೆದುಕೊಳ್ಳುತ್ತಾರೆ.

"ಈಗ ನಿಮಗೆ ಕೇಳಿಸುತ್ತೆ" ಎಂದೆ. "ಶನಿವಾರ ಬೆಳಿಗ್ಗೆ ಬನ್ನಿ. ಅಲ್ಲಿ ಸಂಜೆ ಆಗಿರುತ್ತೆ. ಇಲ್ಲಿಂದಲೇ ಮಾಡೋಣ. ಏನಾದ್ರೂ ಸರಿ ಕೇಳಿಸ್ಲಿಲ್ಲ ಅಂದ್ರೆ ನಾನು ಪಕ್ಕದಲ್ಲೇ ಇರ್ತೀನಿ."

ಶನಿವಾರ ಟಾಮ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಐಲೀನ್ ಜೊತೆ ಬಂದರು. ದನಿ ಎಷ್ಟು ಸ್ಪಷ್ಟವಾಗಿ ಬರುತ್ತದೆಂದು ನನಗೂ ತಿಳಿಯಲೆಂದು ಫೋನನ್ನು ಸ್ಪೀಕರಿನಲ್ಲಿಟ್ಟೆ. ಆ ಕಡೆ ರಿಂಗಾಯಿತು. ಮುದಿ ದನಿಯೊಂದು ಕೂಗಿತು:

"ಯಾರು?"

"ಬ್ರೈಡಿ, ನಾನು ಟಾಮ್."

"ಯಾರು?"

"ಟಾಮ್! ಟಾಮ್!"

"ಟಾಮ್ ಇಲ್ಲಿಲ್ಲ! ಅವನು ಅಮೆರಿಕದಲ್ಲಿದ್ದಾನೆ!" ಎಂದು ಬ್ರೈಡಿ ಫೋನ್ ಇಟ್ಟುಬಿಟ್ಟರು.

ಮೊದಲು ನಕ್ಕವರು ಟಾಮ್. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ಪ್ರತಿ ಮಾತೂ ಕೇಳಿಸಿತು" ಎಂದರು. "ಒಂದೊಂದು ಮಾತೂ! ಆದರೆ ಅವಳಿಗೆ ಕೇಳಿಸ್ತಿಲ್ಲ!"

ಬ್ರೈಡಿಯ ಪಕ್ಕದ ಮನೆಯಲ್ಲಿ ಮೌರಾ ಎಂಬ ಹೆಂಗಸು ಇದ್ದಾಳೆಂದು ಐಲೀನಿಗೆ ಗೊತ್ತಿತ್ತು. ಅವಳಿಗೆ ಫೋನ್ ಮಾಡಿದಾಗ ಸಂಗತಿ ಹೊರಬಿತ್ತು. ಬ್ರೈಡಿಗೂ ಹಿಯರಿಂಗ್ ಏಡ್ ಕೊಟ್ಟಿದ್ದಾರೆ. ಅದು ನೆಂಟರು ಬಂದಾಗ ಮಾತ್ರ ತೆಗೆಯುವ ಚಹದ ಕಪ್ಪುಗಳ ಹಿಂದೆ, ಬೀರುವಿನಲ್ಲಿ ಭದ್ರವಾಗಿದೆ. ಹಾಕಿಕೊಳ್ಳಿ ಎಂದರೆ, "ಅದೆಲ್ಲ ಮುದುಕಿಯರಿಗೆ" ಎನ್ನುತ್ತಾರೆ. ವಯಸ್ಸು ತೊಂಬತ್ತರ ಹತ್ತಿರ.

ಟಾಮ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಐಲೀನ್, ನನ್ನ ಕಿವಿಯ ಫೋಟೊ ತೆಗಿ. ಮಷೀನು ಚೆನ್ನಾಗಿ ಕಾಣಬೇಕು. ಮೌರಾಗೆ ಕಳಿಸು. 'ಟಾಮ್‌ಗೆ ಮುದುಕ ಆಗೋ ಧೈರ್ಯ ಇದೆ, ನಿನಗಿಲ್ವಾ?' ಅಂತ ಬ್ರೈಡೀನ ಕೇಳು ಅನ್ನು."

ಫೋಟೊ ಹೋಯಿತು. ಮರುದಿನ ಉತ್ತರ ಬಂತು. ಬ್ರೈಡಿ ಅದನ್ನು ಕನ್ನಡಕ ಹಾಕಿಕೊಂಡು ನೋಡಿ, "ಇವನ ಕಿವಿ ಯಾವಾಗ ಇಷ್ಟು ದೊಡ್ಡದಾಯ್ತು?" ಎಂದರಂತೆ. ಆಮೇಲೆ ಎದ್ದು ಹೋಗಿ ಬೀರು ತೆಗೆದರಂತೆ. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ಹೊಸದನ್ನು ತರಿಸಿ ಹಾಕಲು ಮೌರಾಗೆ ಆ ವಾರ ಹಿಡಿಯಿತು.

ಮುಂದಿನ ಶನಿವಾರ ಫೋನಿನ ಸದ್ದು ನೇರವಾಗಿ ಟಾಮ್ ಅವರ ಕಿವಿಗೇ ಹೋಗುವಂತೆ ಜೋಡಿಸಿದೆ. ಹಾಗಾಗಿ ನನಗೂ ಐಲೀನಿಗೂ ಕೇಳಿಸಿದ್ದು ಅವರೊಬ್ಬರ ಮಾತು ಮಾತ್ರ.

"ಬ್ರೈಡಿ? ... ಹೌದು, ನಾನೇ. ... ಆಯ್ತು, ತಿಂಡಿ ಆಯ್ತು. ಇಲ್ಲಿ ಬೆಳಿಗ್ಗೆ." ಅವರ ಕೈ ಮೇಜಿನ ಅಂಚನ್ನು ಹಿಡಿಯಿತು. "ಬ್ರೈಡಿ, ಮೈಕಲ್ ವಿಷಯ. ಅವತ್ತು ನಾನು ಹಾಗಂದಿದ್ದು... ನನಗೆ ಕೇಳಿಸಿರಲಿಲ್ಲ. ಕೇಳಿಸಿದ್ರೆ ಹಾಗೆ ಅಂತಿದ್ನಾ?"

ಆ ಕಡೆಯಿಂದ ಏನೋ ಉದ್ದದ ಮಾತು. ಟಾಮ್ ಅವರ ಬಾಯಿ ಅರ್ಧ ತೆರೆದುಕೊಂಡಿತು. ಫೋನಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ತಿರುಗಿದರು.

"ನಾನು ಅವತ್ತು ಏನಂದೆ ಅಂತ ಅವಳಿಗೆ ಕೇಳಿಸಿಯೇ ಇರಲಿಲ್ಲವಂತೆ! 'ಪಾಪ, ನಮ್ಮ ಹುಡುಗ' ಅಂದೆ ಅಂದ್ಕೊಂಡಿದ್ದಳಂತೆ. ಅಳು ಬಂತು, ಅದಕ್ಕೇ ಫೋನ್ ಇಟ್ಟಳಂತೆ. ನನ್ನ ಫೋನ್ ಬರುತ್ತೆ ಅಂತ ಎರಡು ವರ್ಷದಿಂದ ಕಾಯ್ತಿದ್ದಾಳೆ."

ಐಲೀನ್ ಮುಖ ಆ ಕಡೆ ಮಾಡಿಕೊಂಡಳು. ಟಾಮ್ ಮತ್ತೆ ಫೋನಿಗೆ ಬಂದರು. ಸ್ವಲ್ಪ ಹೊತ್ತು ಇಬ್ಬರೂ ಮೈಕಲ್ ಬಗ್ಗೆ ಮಾತಾಡಿಕೊಂಡರು, ತಗ್ಗಿದ ದನಿಯಲ್ಲಿ. ನಾವಿಬ್ಬರೂ ಬಾಗಿಲು ಎಳೆದುಕೊಂಡು ಹೊರಗೆ ಬಂದೆವು.

ಒಳಗಿನ ದನಿ ಏರುತ್ತ ಹೋಯಿತು. "ಇಲ್ಲ! ಇಲ್ಲವೇ ಇಲ್ಲ! ನೀನು ಯಾವ ದೋಣಿ ನೋಡಿದೆಯೋ!" ಬಾರ್ಬರಾ ತನ್ನ ಕೋಣೆಯಿಂದ ಓಡಿ ಬಂದಳು.

"ವನಾ, ಯಾಕೆ ಹಾಗೆ ಕೂಗ್ತಿದ್ದಾರೆ? ಸರಿ ಕೇಳಿಸ್ತಿಲ್ವಾ?"

"ಚೆನ್ನಾಗಿ ಕೇಳಿಸ್ತಿದೆ" ಎಂದೆ. "ಜಗಳ ಆಡ್ತಿದ್ದಾರೆ."

ಬಾರ್ಬರಾ ಬಾಗಿಲಿನ ಹತ್ತಿರ ನಿಂತು ಕೇಳಿಸಿಕೊಂಡಳು. ಆಮೇಲೆ ಕಾಯುತ್ತಿದ್ದ ಮುಂದಿನ ರೋಗಿಯನ್ನು ತನ್ನ ಕೋಣೆಗೇ ಕರೆದುಕೊಂಡು ಹೋದಳು.

ಟಾಮ್ ಹೊರಗೆ ಬಂದಾಗ ಮುಖ ಕೆಂಪೇರಿತ್ತು, ಟೋಪಿ ಓರೆಯಾಗಿತ್ತು.

"ಮೈಕಲ್ ಅವರಪ್ಪನ ದೋಣಿ ಹಸಿರು" ಎಂದರು ನನಗೆ. "ಅವಳು ನೀಲಿ ಅಂತಾಳೆ. ಎಷ್ಟು ಹೇಳಿದರೂ ಒಪ್ಪಲಿಲ್ಲ." ಮಗಳ ತೋಳು ಹಿಡಿದು ಬಾಗಿಲಿನತ್ತ ಹೊರಟವರು ತಿರುಗಿ ನಿಂತರು. "ನಾಳೆ ಭಾನುವಾರ ಅಲ್ವಾ? ನಾಳೆ ಒಪ್ಪಿಸ್ತೀನಿ."